ಎರಡನೆಯ ಸಲ ಕೇಳದ ಊರು

ಮುಂದೆ ನಿಂತ ಹೆಂಗಸಿನ ಕೋಟಿನ ಬೆನ್ನಹೊಲಿಗೆ ಎಡಕ್ಕೆ ಎಳೆದುಕೊಂಡಿದೆ, ಭುಜದ ಹತ್ತಿರ ಒಂದು ಬೆರಳಗಲ ಬಿಚ್ಚಿ ಮತ್ತೆ ಕೂಡಿಸಿದ್ದರೆ ಸರಿಹೋಗುತ್ತಿತ್ತು, ಇಷ್ಟು ಬೆಲೆಬಾಳುವ ಕೋಟು ತೊಟ್ಟವಳಿಗೆ ನೆಟ್ಟಗಿನ ದರ್ಜಿ ಒಬ್ಬ ಸಿಗಲಿಲ್ಲವೇ, ಎಂದುಕೊಳ್ಳುತ್ತ ಗುರುಶಾಂತವ್ವ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು — ಆರ್ಟೇಸಿಯಾದ ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಕುಪ್ಪಸ ಹೊಲಿದ ಕಣ್ಣು, ಎಲ್ಲಿ ಹೋದರೂ ಮೊದಲು ಬೆನ್ನನ್ನೇ ನೋಡುತ್ತದೆ, ಮುಖ ಆಮೇಲೆ — ಆದರೆ ಇದು ಬೆನ್ನು ನೋಡುವ ಹೊತ್ತಲ್ಲ, ಈ ಬೆನ್ನು ಸರಿದರೆ ಮೈಕು, ಮೈಕಿನಾಚೆ ಎತ್ತರದ ಮೇಜು, ಮೇಜಿನ ಹಿಂದೆ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲಾಡಳಿತದ, ಸಮಿತಿಯವರು, ನೀರಿನ ಬಾಟಲಿ ಮುಂದಿಟ್ಟುಕೊಂಡು ಬೆಳಗಿನಿಂದ ಒಬ್ಬೊಬ್ಬರ ಮಾತು ಕೇಳುತ್ತಿದ್ದಾರೆ, ಕೇಳಿ ಥ್ಯಾಂಕ್ ಯೂ ಎನ್ನುತ್ತಾರೆ, ಆ ಥ್ಯಾಂಕ್ ಯೂ ಒಳಗೆ ಏನಿದೆಯೋ ಆ ಶಿವನೇ ಬಲ್ಲ. ವಾಷಿಂಗ್ಟನ್‌ನಿಂದ ಬಡಾವಣೆಗಳ ಏಳಿಗೆಗೆಂದು ಬರುವ ಫೆಡರಲ್ ದುಡ್ಡು, ಅದನ್ನು ಹಂಚುವ ಕೈ ಕೌಂಟಿಯದು, ಈ ವರ್ಷ ಖರ್ಚು ಇಳಿಸಬೇಕೆಂದು ಕತ್ತರಿ ಹಿಡಿದು ಕೂತಿದ್ದಾರೆ, ಬಟ್ಟೆ ಕಡಿಮೆ ಬಿದ್ದಾಗ ಅವಳೂ ಕತ್ತರಿ ಹಿಡಿದವಳೇ, ತೋಳು ಗಿಡ್ಡ ಮಾಡಬೇಕು, ಕಂಕುಳಿಗೆ ಕೈ ಹಚ್ಚಬಾರದು, ಕಂಕುಳು ಬಿಗಿಯಾದರೆ ಕೈಯೇ ಏಳುವುದಿಲ್ಲ — ಇವರು ಫುಟ್‌ಪಾತ್ ಉಳಿಸಿದ್ದಾರೆ, ಬೀದಿ ದೀಪ ಉಳಿಸಿದ್ದಾರೆ, ವಯಸ್ಸಾದವರನ್ನು ಮನೆಯಿಂದ ಕರೆದೊಯ್ಯುವ ಸೀನಿಯರ್ ಸೆಂಟರಿನ ವ್ಯಾನಿಗೆ ಕತ್ತರಿ ಇಟ್ಟಿದ್ದಾರೆ. ಜುಲೈಯಿಂದ ವ್ಯಾನ್ ಬಂದ್, ಇವತ್ತು ಇಲ್ಲಿ ಯಾರೂ ತಡೆಯದಿದ್ದರೆ.

ವ್ಯಾನ್ ಎಂದರೆ ಬರೀ ನಾಲ್ಕು ಗಾಲಿ ಎಂದುಕೊಂಡಿರಬೇಕು ಈ ಸಮಿತಿಯವರು, ಅವಳಿಗೆ ಅದು ಗಂಡನ ಬಾಯಿ — ಶಿವರುದ್ರಪ್ಪನವರು ಲೇಥ್ ಮಶೀನಿನ ಮೇಲೆ ವಿಮಾನದ ಬಿಡಿಭಾಗ ಕಡೆಯುತ್ತಿದ್ದ ಮನುಷ್ಯ, ಕೂದಲೆಳೆಯ ಅಳತೆ ತಪ್ಪಿದರೂ ಊಟ ಬಿಟ್ಟು ಕೂರುತ್ತಿದ್ದವರು, ಲಕ್ವಾ ಹೊಡೆದು ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಅರ್ಧ ಹೋಯಿತು, ಉಳಿದರ್ಧ ಎಲ್ಲಿದೆ ಎಂದು ಗೊತ್ತಾದದ್ದು ಸೆಂಟರಿನ ಕೇರಂ ಬೋರ್ಡಿನ ಮುಂದೆ, ಎದುರಿಗೆ ಫಿಲಿಪೀನ್ಸಿನ ಬೌಟಿಸ್ಟಾ, ಇವರು ಎಡಗೈಯಿಂದ ಸ್ಟ್ರೈಕರ್ ಹೊಡೆದು ಹೊಡಿ ಮಗನ ಎಂದು ಕೂಗುತ್ತಾರೆ, ಅವನೂ ಹೊಡಿ ಮಗನ ಎನ್ನಲು ಕಲಿತಿದ್ದಾನೆ, ಇಬ್ಬರೂ ಸೇರಿ ಗದ್ದಲ ಹಾಕುವುದು ನೋಡಿದರೆ ಇವರಿಗೆ ಕಾಯಿಲೆ ಎಂದರೆ ಯಾರೂ ನಂಬುವುದಿಲ್ಲ. ಕೊರೋನಾ ಕಾಲದಲ್ಲಿ ಸೆಂಟರ್ ಮುಚ್ಚಿತು, ವ್ಯಾನ್ ನಿಂತಿತು, ಆಗ ನೋಡಬೇಕಿತ್ತು ಇವರನ್ನು, ಗೋಡೆಗೆ ಮುಖ ಮಾಡಿ ಮಲಗಿದ್ದೇ ಮಲಗಿದ್ದು, ಶಬ್ದಗಳು ಒಂದೊಂದೇ ಉದುರಿಹೋದವು, ನೀರು ಹೋಯಿತು, ಬೆಳಕು ಹೋಯಿತು, ಒಂದು ಮಧ್ಯಾಹ್ನ ಅವಳನ್ನು ಕರೆಯಲು ಬಾಯಿ ತೆರೆದು ಹೆಸರು ಸಿಗದೆ ಅವಳ ಮುಖವನ್ನೇ ನೋಡುತ್ತ ಅತ್ತರು, ಗಂಡಸು ಹಾಗೆ ಅಳುವುದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಸೆಂಟರ್ ತೆರೆದ ಮೇಲೆ ಶಬ್ದಗಳು ಒಂದೊಂದಾಗಿ ವಾಪಸು ಬಂದವು, ಎಲ್ಲವೂ ಅಲ್ಲ, ಅವಳ ಹೆಸರು ಬಂತು. ಅದನ್ನು ಇನ್ನೊಮ್ಮೆ ಕಳೆದುಕೊಳ್ಳಲು ಅವಳು ತಯಾರಿಲ್ಲ, ಅದಕ್ಕೇ ಈ ಸಾಲಿನಲ್ಲಿ ನಿಂತಿದ್ದಾಳೆ.

ನಿಲ್ಲುವ ಹಣೆಬರಹ ತಂದುಕೊಂಡದ್ದು ತನ್ನದೇ ಬಾಯಿ ಎನ್ನುವುದೇ ಮೈ ಉರಿಸುವ ಮಾತು — ಚಳಿಗಾಲದಲ್ಲಿ ಒಂದು ಫೋನ್ ಬಂತು, ಕೌಂಟಿಯ ಪರವಾಗಿ ಕೇಳುತ್ತಿದ್ದೇನೆ ಎಂದಳು ಯಾವುದೋ ಹುಡುಗಿ, ದನಿ ಸಕ್ಕರೆಯಂತಿತ್ತು, ವ್ಯಾನ್ ಇಲ್ಲದಿದ್ದರೆ ನಿಮಗೆ ಕಷ್ಟವಾಗುತ್ತದೆಯೇ ಮೇಡಂ, ಗುರುಶಾಂತವ್ವ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ನೋ ನೋ, ವಿ ವಿಲ್ ಮ್ಯಾನೇಜ್, ಡೋಂಟ್ ವರಿ — ಹೇಳಿ ಕಾದಳು. ಏತಕ್ಕೆ ಕಾದೆ ಎಂದು ಆಮೇಲೆ ತನ್ನನ್ನೇ ಕೇಳಿಕೊಂಡರೆ ಉತ್ತರ ಗದಗಿನ ತವರುಮನೆಯ ಪಡಸಾಲೆಯಲ್ಲಿತ್ತು, ಬೀಗರ ಪಂಕ್ತಿ, ಅಜ್ಜಿ ಹೋಳಿಗೆಯ ಬುಟ್ಟಿ ಹಿಡಿದು ಬಗ್ಗಿದರೆ ಬೀಗರು ಎರಡೂ ಕೈ ತಾಟಿಗೆ ಅಡ್ಡ ಹಿಡಿದು ಸಾಕ್ರಿ, ಬ್ಯಾಡ್ರಿ, ಖರೇನ ಬ್ಯಾಡ್ರಿ ಎನ್ನುವರು, ಅಜ್ಜಿ ಬಿಡುತ್ತಾಳೆಯೇ, ನನ್ನ ಮ್ಯಾಲ ಆಣಿ ಐತಿ, ಒಂದ ಹಾಕ್ಕೋರಿ, ಎಂದು ಆ ಕೈಗಳ ಮೇಲೆಯೇ ಹೋಳಿಗೆ ಇಡುತ್ತಿದ್ದಳು, ಬೆರಳ ಸಂದಿನಲ್ಲಿ ತುಪ್ಪ ಇಳಿಯುತ್ತಿತ್ತು, ಮೊದಲ ಸಲಕ್ಕೇ ಕೈ ತೆಗೆದವನು ಹೊಟ್ಟೆಬಾಕ, ಮೊದಲ ಬ್ಯಾಡಕ್ಕೇ ಬುಟ್ಟಿ ತಿರುಗಿಸಿದವಳು ಜಿಪುಣಿ, ಬ್ಯಾಡ ಎನ್ನುವುದು ಬ್ಯಾಡ ಅಲ್ಲ, ಇನ್ನೊಮ್ಮೆ ಕೇಳು ಎಂದು ಅರ್ಥ, ಇದನ್ನು ಯಾರೂ ಯಾರಿಗೂ ಕಲಿಸಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಫೋನಿನ ಹುಡುಗಿಗೆ ಗೊತ್ತಿರಲಿಲ್ಲ. ಹ್ಯಾವ್ ಎ ವಂಡರ್‌ಫುಲ್ ಡೇ ಎಂದಳು, ಲೈನು ಕಟ್ಟಾಯಿತು, ಗುರುಶಾಂತವ್ವ ಫೋನು ಕೆಳಗಿಟ್ಟು ಮತ್ತೆ ಒಲೆ ದೊಡ್ಡದು ಮಾಡಿದಳು.

ಈ ದೇಶಕ್ಕೆ ಬಂದ ಹೊಸದರಲ್ಲೇ ಬುದ್ಧಿ ಬರಬೇಕಿತ್ತು, ಗಂಡ ದುಡಿಯುತ್ತಿದ್ದ ಲೇಥ್ ಅಂಗಡಿಯ ಮಾಲೀಕನ ಮನೆಗೆ ಊಟಕ್ಕೆ ಕರೆದಿದ್ದರು, ಇವಳಿಗಾಗಿಯೇ ಮಾಲೀಕನ ಹೆಂಡತಿ ಮಾಂಸವಿಲ್ಲದ ಅಡುಗೆ ಮಾಡಿದ್ದಳು, ಬಟ್ಟಲು ಹತ್ತಿರ ಬಂದಾಗ ಇವಳು ನೋ ಥ್ಯಾಂಕ್ಸ್ ಎಂದು ನಾಚಿಕೊಂಡಳು, ಬಟ್ಟಲು ಸೀದಾ ಮುಂದಿನವರ ಹತ್ತಿರ ಹೋಯಿತು, ಮತ್ತೆ ಬರಲೇ ಇಲ್ಲ, ಹೊಟ್ಟೆ ಚುರುಗುಟ್ಟುತ್ತಿದೆ, ಕಣ್ಣು ಬಟ್ಟಲ ಹಿಂದೆ ಹಿಂದೆ — ಕಾರಿನಲ್ಲಿ ಶಿವರುದ್ರಪ್ಪನವರು ನಕ್ಕು ನಕ್ಕು ಸ್ಟಿಯರಿಂಗ್ ಬಡಿದರು, ಬ್ಯಾಡ ಅಂದಿಲ್ಲೋ, ಈಗ ಉಪಾಸ ಮಲಕೋ, ಈ ಮಂದಿ ಒಮ್ಮೆ ಕೇಳ್ತಾರ ಅಷ್ಟ, ಹಸಿವಿದ್ರ ಹೂಂ ಅನ್ನು. ಹೂಂ ಎನ್ನಲು ಅವರು ಕಲಿತರು, ಅವಳಿಗೆ ಬರಲಿಲ್ಲ, ಕುಪ್ಪಸದ ಕೂಲಿ ಹೆಚ್ಚಿಸಲೇ ಎಂದು ಅಂಗಡಿಯವನು ಕೇಳಿದಾಗಲೂ ಇರ್ಲಿ ಬಿಡ್ರಿ ಎಂದಳು, ಅವನೂ ಇರಲಿ ಎಂದು ಬಿಟ್ಟ, ಅವನೇನು ಪರದೇಶದವನಲ್ಲ, ಸೂರತ್ತಿನವನು, ಅವನಿಗೆ ಎಲ್ಲ ಗೊತ್ತಿತ್ತು, ಕಳ್ಳ.

ಮತ್ತೆ ಗಗನಾ. ಈಗ ಬೆನ್ನ ಹಿಂದೆಯೇ ನಿಂತಿದ್ದಾಳೆ, ಅವಳ ಉಸಿರು ಕತ್ತಿಗೆ ತಾಗುತ್ತಿದೆ, ಒಬ್ಬಳೇ ಮಗಳು, ಸ್ಯಾನ್ ಡಿಯೇಗೋದಲ್ಲಿ ಕೆಲಸ, ಅಲ್ಲಿಯ ಸರ್ಕಾರಿ ಕಚೇರಿಯಲ್ಲಿ ಬಜೆಟ್ ನೋಡುವ ಕೆಲಸ, ಅಂದರೆ ಅವಳ ಕೈಯಲ್ಲೂ ಕತ್ತರಿಯೇ — ಲಕ್ವಾ ಹೊಡೆದ ವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಕೇಳಿದ್ದಳು, ಅವ್ವ, ಶುಡ್ ಐ ಮೂವ್ ಬ್ಯಾಕ್, ಇಲ್ಲೇ ಕೆಲಸ ನೋಡ್ಲಾ, ಗುರುಶಾಂತವ್ವ ಏನೆಂದಳು, ಮತ್ತೇನೆಂದಾಳು, ಬ್ಯಾಡ ಬ್ಯಾಡ, ನಿನ್ನ ಕೆಲಸ ನೀ ನೋಡ್ಕೋ, ನಾವ್ ಹ್ಯಾಂಗರ ಮಾಡ್ತೇವಿ, ಹೇಳಿ ಕಾದಳು, ಮಗಳು ಓಕೆ ಅವ್ವ ಎಂದಳು, ಎಂದು ಉಸಿರು ಬಿಟ್ಟಳು, ಹಗುರಾದ ಉಸಿರು, ತಾಯಿಯ ಕಿವಿಗೆ ಅದು ಕೇಳದೇ ಇರುತ್ತದೆಯೇ. ಸಿಟ್ಟು ಬಂದಿತ್ತು, ಸುಳ್ಳೇಕೆ, ಹೊಟ್ಟೆಯಲ್ಲಿ ಹುಟ್ಟಿದವಳಿಗೂ ಬ್ಯಾಡದ ಅರ್ಥ ತಿಳಿಯಲಿಲ್ಲವಲ್ಲ ಎಂದು, ಆಮೇಲೆ ಅನಿಸಿತು, ಇಲ್ಲೇ ಹುಟ್ಟಿದ ಕೂಸು, ನೋ ಎಂದರೆ ನೋ ಎಂದು ಶಾಲೆಯಲ್ಲಿ ಕಲಿತದ್ದು, ಅವಳ ತಪ್ಪಲ್ಲ — ಆದರೂ ಕಾಯುವುದು ನಿಲ್ಲಲಿಲ್ಲ, ವರ್ಷ ವರ್ಷ ಫೋನ್ ಎತ್ತಿದಾಗೆಲ್ಲ ಈಗ ಕೇಳಬಹುದು, ಈಗ ಕೇಳಬಹುದು. ಅಂಗಡಿ ಬೀದಿ ಪಯೋನಿಯರ್ ಬುಲೆವಾರ್ಡಿನಲ್ಲಿ ಸಿಕ್ಕವರು ಮಗಳು ಬರ್ತಾಳಾ ಎಂದು ಕೇಳಿದರೆ, ಬರದೇ ಏನು, ವಾರ ವಾರ ಬರುತ್ತಾಳೆ, ಎಲ್ಲ ಆಕೀನ ನೋಡ್ಕೋತಾಳ, ಎಂದು ಇವಳು ಸುಳ್ಳು ಹೇಳಿಕೊಂಡು ತಿರುಗಿದ್ದಾಳೆ.

ಬೆಳಿಗ್ಗೆ ಗಗನಾ ಸ್ಯಾನ್ ಡಿಯೇಗೋದಿಂದ ಡ್ರೈವ್ ಮಾಡಿಕೊಂಡು ಬಂದಳು, ಅಪ್ಪನನ್ನು ವ್ಯಾನಿಗೆ ಹತ್ತಿಸಿ, ಅವ್ವನನ್ನು ಕಾರಿಗೆ ಹತ್ತಿಸಿ, ಫ್ರೀವೇ ತುಂಬ ಪಾಠ ಹೇಳಿದಳು, ಮ್ಯಾನೇಜ್ ಅನ್ನೋ ವರ್ಡ್ ಇವತ್ತು ಬಾಯಲ್ಲಿ ಬರಬಾರದು ಅವ್ವ, ನಮ್ಮ ಆಫೀಸಲ್ಲಿ ನಾನು ದಿನಾ ನೋಡ್ತೀನಿ, ಯಾರು ಮ್ಯಾನೇಜ್ ಮಾಡ್ತೀವಿ ಅಂತಾರೋ ಅವರದ್ದೇ ಫಸ್ಟ್ ಕಟ್ ಮಾಡೋದು, ನಾನೇ ಮಾಡಿದೀನಿ. ಗುರುಶಾಂತವ್ವ ಕಿಟಕಿಯ ಕಡೆ ತಿರುಗಿ, ನೀನರ ಇನ್ನೊಮ್ಮೆ ಕೇಳಬಾರದೇನ ಅವರನ್ನ, ಎಂದಳು, ಗಗನಾ ನಕ್ಕಳು, ಅಷ್ಟು ಟೈಮ್ ಇಲ್ಲ ಅವ್ವ ಎಂದಳು, ನೀನು ಕನ್ನಡದಲ್ಲೇ ಮಾತಾಡು, ನಾನು ಇಂಟರ್‌ಪ್ರೆಟ್ ಮಾಡ್ತೀನಿ, ದುಭಾಷಿ ಇದ್ದರೆ ಡಬಲ್ ಟೈಮ್ ಕೊಡಬೇಕು, ರೂಲ್ ಇದೆ. ಅಂಗಡಿ ಇಂಗ್ಲಿಷ್ ತನಗೆ ಸಾಕಷ್ಟು ಬರುತ್ತದೆ, ಆದರೂ ಈ ಲೆಕ್ಕಾಚಾರ ಗುರುಶಾಂತವ್ವನಿಗೆ ಹಿಡಿಸಿತು, ಕೊಸರಿ ಒಂದು ಗೇಣು ಬಟ್ಟೆ ಹೆಚ್ಚಿಗೆ ತಂದಂತೆ, ಮಗಳು ಆ ವಿಷಯದಲ್ಲಿ ತನ್ನ ಹೊಟ್ಟೆಯವಳೇ ಸರಿ.

ಕೋಟಿನ ಹೆಂಗಸು ಸರಿದಳು. ಮೈಕು. ಹೆಸರು ಕೇಳಿದರು, ಗಗನಾ ಪಕ್ಕಕ್ಕೆ ಬಂದು ನಿಂತು ಮೈಕಿನ ಕಂಬವನ್ನು ತಾಯಿಯ ಎತ್ತರಕ್ಕೆ ಬಗ್ಗಿಸಿದಳು, ಬಾಯಿಗೆ ಮೊದಲು ಬರುವುದು ನಮಸ್ಕಾರ, ಸಾಕು, ಉಪಚಾರ ಬೇಡ — ನಮ್ಮನಿಯವರಿಗೆ ಲಕ್ವಾ ಹೊಡದೈತಿ, ಎಂದಳು, ವ್ಯಾನ್ ಬಂದ್ರ ಅವರು ಮಾತಾಡ್ತಾರ, ವ್ಯಾನ್ ನಿಂತ್ರ ಅವರ ಮಾತು ನಿಲ್ತೈತಿ, ಕೊರೋನಾದಾಗ ನಾ ಕಣ್ಣಾರೆ ನೋಡೇನಿ, ನಾ ಅವರನ್ನ ಎತ್ತಿ ಕಾರಿನಾಗ ಕುಂದ್ರಿಸಾಕ ಆಗಂಗಿಲ್ಲ, ವ್ಯಾನ್ ನಮಗ ಬೇಕು. ಬೇಕು ಎಂದದ್ದು ಗೋಡೆಗೆ ಬಡಿದು ವಾಪಸು ಬಂದಂತಾಯಿತು, ತನ್ನ ಬಾಯಿಂದ ಆ ಶಬ್ದ ಇಷ್ಟು ದೊಡ್ಡದಾಗಿ ಎಂದಾದರೂ ಬಂದಿತ್ತೇ, ಗಗನಾ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾಳೆ, ಆಫೀಸಿನ ದನಿ, ಒಂದು ಮಾತೂ ಬಿಡುತ್ತಿಲ್ಲ, ಒಳ್ಳೆಯ ಹೊಲಿಗೆ, ಚೆನ್ನಾಗಿ ಹೇಳುತ್ತಾಳೆ ನನ್ನ ಮಗಳು — ಮೇಜಿನ ಹಿಂದಿನ ಕನ್ನಡಕದವನು ಕಾಗದದಿಂದ ತಲೆ ಎತ್ತಿದ, ಒರಟಾಗಿ ಅಲ್ಲ, ತಿಳಿದುಕೊಳ್ಳುವವನಂತೆ ಕೇಳಿದ, ಫೋನ್ ಮಾಡಿದಾಗ ಮ್ಯಾನೇಜ್ ಮಾಡುತ್ತೇವೆ ಎಂದಿದ್ದರಂತಲ್ಲ ಇವರು, ಗಂಡನನ್ನು ಕರೆದುಕೊಂಡು ಹೋಗಲು ಮನೆಯವರು ಯಾರಾದರೂ ಇದ್ದಾರೆಯೇ. ಗುರುಶಾಂತವ್ವನಿಗೆ ಇಂಗ್ಲಿಷಿನಲ್ಲೇ ಅರ್ಥವಾಯಿತು. ಅರ್ಥವಾಗಿದೆ ಎಂದು ಗಗನಾಗೂ ಗೊತ್ತು. ಆದರೂ ಮಗಳು ತಿರುಗಿ, ಒಂದೂ ಇಂಗ್ಲಿಷ್ ಶಬ್ದ ಬೆರೆಸದೆ, ಚಿಕ್ಕಂದಿನಲ್ಲಿ ಆಡುತ್ತಿದ್ದಂಥ ಕನ್ನಡದಲ್ಲಿ, ಅವ್ವ, ಅಪ್ಪನ್ನ ಕರ್ಕೊಂಡ್ ಹೋಗಾಕ ಮನಿಯವ್ರು ಯಾರರ ಅದಾರೇನ ಅಂತ ಕೇಳ್ತಾರ, ಎಂದಳು.

ಮಗಳದಾಳ್ರಿ, ಎಂದರೆ ಮುಗಿಯಿತು, ಎಷ್ಟು ಸಲೀಸು, ಮಗಳ ಮುಖ ಉಳಿಯುತ್ತದೆ, ತನ್ನ ಮುಖ ಉಳಿಯುತ್ತದೆ, ವಾರ ವಾರ ಬರುವ ಮಗಳು ಈ ಸಭಾಂಗಣದಲ್ಲೂ ಬರುತ್ತಾಳೆ, ಎಲ್ಲರೂ ಕೇಳಿ ಸಂತೋಷಪಡುತ್ತಾರೆ, ಕನ್ನಡಕದವನು ಗುಡ್ ಎಂದು ಬರೆದುಕೊಳ್ಳುತ್ತಾನೆ, ವ್ಯಾನ್ ಹೋಗುತ್ತದೆ, ನೀರು ಹೋಗುತ್ತದೆ, ಬೆಳಕು ಹೋಗುತ್ತದೆ, ಹೆಸರು ಹೋಗುತ್ತದೆ — ಇಲ್ಲ, ಕೊಡುವುದಿಲ್ಲ, ಹೆಸರು ಕೊಡುವುದಿಲ್ಲ, ಮಗಳ ಮುಖ ಹೋದರೆ ಹೋಗಲಿ, ಇಂಗ್ಲಿಷಿನಲ್ಲಿ ತಾನೇ ಹೇಳಿಬಿಡಬಹುದು, ಎರಡು ಶಬ್ದ ಸಾಕು, ಮಗಳ ಬಾಯಲ್ಲಿ ಹೇಳಿಸುವುದು ತಪ್ಪುತ್ತದೆ — ಅದೂ ಬೇಡ, ಅವಳೇ ಹೇಳಲಿ, ಕೇಳಿದವಳು ಅವಳೇ ಅಲ್ಲವೇ. ಒಬ್ಬಾಕಿ ಮಗಳದಾಳ, ಎಂದಳು ಗುರುಶಾಂತವ್ವ, ಕಂಬಕ್ಕೆ ಬಾಯಿ ಹಚ್ಚಿ, ಒಂದೊಂದೇ ಶಬ್ದ, ದೂರ ಅದಾಳ, ಆಕಿ ಕೈಲೆ ಆಗಂಗಿಲ್ಲ. ಹೇಳಿ ಕಾಯಲಿಲ್ಲ, ಈ ಸಲ ಕಾಯಲು ಏನೂ ಉಳಿದಿರಲಿಲ್ಲ. ಶೀ ಹ್ಯಾಸ್ ಒನ್ ಡಾಟರ್, ಎಂದಳು ಗಗನಾ, ಆಫೀಸಿನ ದನಿಯೇ, ಶೀ ಲಿವ್ಸ್ ಫಾರ್ ಅವೇ — ದನಿ ಅಲ್ಲಿ ನಿಂತಿತು — ದಿ ಡಾಟರ್ ಕಾಂಟ್ ಡೂ ಇಟ್ — ಥ್ಯಾಂಕ್ ಯೂ ಎಂದ ಕನ್ನಡಕದವನು, ಮುಗಿಯಿತು ಎಂದುಕೊಂಡು, ಆದರೆ ಗಗನಾ ಸರಿಯಲಿಲ್ಲ, ಐ ಆಮ್ ದಿ ಡಾಟರ್, ಎಂದಳು, ಅದು ಆಫೀಸಿನ ದನಿಯಾಗಿರಲಿಲ್ಲ. ಇರ್ಲಿ ಬಿಡವ್ವ ಎನ್ನುವುದು ಗುರುಶಾಂತವ್ವನ ನಾಲಗೆಯ ತುದಿಗೆ ಬಂತು, ಹಲ್ಲು ಕಚ್ಚಿ ನುಂಗಿದಳು, ಮುಖ ನೋಡಲಾಗಲಿಲ್ಲ, ಕೈ ನೋಡಿದಳು, ಮೈಕಿನ ಕಂಬ ಹಿಡಿದ ಮಗಳ ಕೈ, ಮುಂದಿನವರ ಹೆಸರು ಕರೆಯುತ್ತಿದ್ದಾರೆ, ಆ ಕೈ ಬಿಡುತ್ತಿಲ್ಲ, ಮತ್ತೆ ಕರೆದರು, ಬಿಡುತ್ತಿಲ್ಲ ಕಂಬ ಹಿಡಿದ ಆ ಕೈ.