ಏನೂ ಇಲ್ಲ ಅನ್ನುವ ಪಾಠ

ವಿಮೆ ಕಾರ್ಡಿನ ಫೋಟೊದಲ್ಲಿ ತಾನು ಕಳ್ಳಿಯ ಹಾಗೆ ಬಂದುಬಿಟ್ಟರೆ? ಮನೆಯವರೆಲ್ಲ ಕುಣಿಯುವ ದಿನ ತನಗೆ ಇಂಥ ಚಿಂತೆಯೇ ಎಂದು ಪುಟ್ಟಿ ತನ್ನನ್ನೇ ಬೈದುಕೊಂಡಳು.

ಕುಣಿಯದೆ ಏನು ಮಾಡಿಯಾರು? ಬೇರೆ ದೇಶದಿಂದ ಬಂದು ನೆಲೆಸಿದವರ ಮನೆಮಂದಿಗೂ ಇನ್ನು ಆಸ್ಪತ್ರೆಯ ವಿಮೆ ಸಿಗುತ್ತದಂತೆ! ಇಷ್ಟು ವರ್ಷ ಅದು ಇದ್ದದ್ದು ಬಸ್ ಡಿಪೋದಲ್ಲಿ ದುಡಿಯುವ ಅಪ್ಪನಿಗೊಬ್ಬನಿಗೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಮ್ಮನಿಗೆ ಬಿಸಿನೀರೇ ಡಾಕ್ಟರು.

“ಬೇಗ ಬನ್ರೇ!” ಅಪ್ಪ ಬಾಗಿಲಲ್ಲೇ ತುದಿಗಾಲಲ್ಲಿ ನಿಂತಿದ್ದ. “ಇನ್ಮೇಲೆ ಧೈರ್ಯವಾಗಿ ಸೀನಬಹುದು!”

“ನಿಮ್ಮ ಸೀನಿಗೆ ಇಡೀ ಬೀದಿಗೇ ವಿಮೆ ಮಾಡಿಸ್ಬೇಕು,” ಎಂದಳು ಅಮ್ಮ.

ಕಾರ್ಡು ಕೊಡುವ ಕಚೇರಿ ಎರಡನೇ ಮಹಡಿಯಲ್ಲಿತ್ತು. ಅಪ್ಪ ಹುಡುಗನ ಹಾಗೆ ಹಾರಿಕೊಂಡು ಹತ್ತಿದ. ಅಮ್ಮ ಮೊದಲ ತಿರುವಿನಲ್ಲೇ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳತೊಡಗಿದಳು. ಚಪ್ಪಲಿಗೇನೂ ಆಗಿರಲಿಲ್ಲ. ಹೋದ ವಾರ ಲಾಂಡ್ರಿಯ ಹಿಂಬಾಗಿಲಲ್ಲಿ ಅವಳು ಎದೆ ಹಿಡಿದು ಕೂತಿದ್ದನ್ನು ಪುಟ್ಟಿ ಕಂಡಿದ್ದಳು. “ಅಪ್ಪಂಗೆ ಹೇಳಿದ್ರೆ ನೋಡು ಮತ್ತೆ!” ಎಂದು ಅಮ್ಮ ಅಲ್ಲೇ ಬಾಯಿ ಮುಚ್ಚಿಸಿದ್ದಳು.

“ಪಾಠ ನೆನಪಿದೆ ತಾನೆ?” ಮೇಲಿನಿಂದ ಅಪ್ಪನ ದನಿ. “ಕಾಯಿಲೆ ಇದ್ಯಾ ಅಂತ ಕೇಳಿದ್ರೆ?”

“ಏನೂ ಇಲ್ಲ!” ಅಮ್ಮ ಏದುಸಿರಿನಲ್ಲೇ ಕೂಗಿದಳು.

ಈ ದೇಶಕ್ಕೆ ಬರುವಾಗ ಕಲಿತ ಪಾಠವದು. ಕಾಯಿಲೆಯವರನ್ನು ಗಡಿಯಿಂದಲೇ ವಾಪಸ್ ಅಟ್ಟುತ್ತಾರೆಂದು ಯಾರೋ ಹೆದರಿಸಿದ್ದರು. ಅಂದಿನಿಂದ ಯಾವ ಕಿಟಕಿಯ ಮುಂದೆ ನಿಂತರೂ, ನೀರಿನ ಬಿಲ್ ಕಟ್ಟುವಾಗಲೂ, ಇಡೀ ಕುಟುಂಬ ಗಟ್ಟಿಮುಟ್ಟು!

ಕೌಂಟರಿನಲ್ಲಿ ಗುಂಗುರು ಕೂದಲಿನ ಗುಮಾಸ್ತೆ ಫೋಟೊ ತೆಗೆದಳು. ಪುಟ್ಟಿ ಕಳ್ಳಿಯ ಹಾಗೇ ಬಂದಳು. ಅಪ್ಪ ಅವಳನ್ನು ಹಿಡಿದ ಪೊಲೀಸಿನ ಹಾಗೆ. ಮೂವರೂ ಬಿದ್ದು ಬಿದ್ದು ನಕ್ಕರು, ಗುಮಾಸ್ತೆಯೂ. ನಗುವಿನ ನಡುವೆಯೇ ಅಮ್ಮನ ಕೈ ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಗುಮಾಸ್ತೆ ತನ್ನ ಭಾಷೆಯಲ್ಲಿ ಕೇಳಿದ್ದನ್ನು ಪುಟ್ಟಿ ಮನೆಯವರಿಗೆ ತಿಳಿಸಿದಳು: “ಯಾರಿಗಾದ್ರೂ ಕಾಯಿಲೆ ಇದ್ರೆ ಇವತ್ತೇ ಕೆಳಗಿನ ಡಾಕ್ಟರ ಹತ್ರ ಕಳಿಸ್ತಾರಂತೆ. ಇಲ್ಲದವರು ಸರದಿ ಕಾಯ್ಬೇಕು, ತಿಂಗಳುಗಟ್ಟಲೆ. ಕಾಯಿಲೆ ಇದೆ ಅಂದ್ರೂ ಕಾರ್ಡ್ ತಪ್ಪಲ್ವಂತೆ.”

“ಎಲ್ಲರೂ ಹಾಗೇ ಅಂತಾರೆ,” ಅಪ್ಪ ಕಣ್ಣು ಮಿಟುಕಿಸಿದ. “ಏನೂ ಇಲ್ಲ ಅಂದ್ಬಿಡು.”

ಅಮ್ಮ ಕೌಂಟರಿನ ಕೆಳಗೆ ಮಗಳ ತೋಳು ಚಿವುಟಿದಳು. ಆ ಬೆರಳುಗಳು ತಣ್ಣಗಿದ್ದವು. ತಿಂಗಳುಗಟ್ಟಲೆ! ಕೆಳಗೇ ಡಾಕ್ಟರು, ಇವತ್ತೇ. ಪುಟ್ಟಿ ಕೌಂಟರಿನ ಗಾಜಿನ ತೂತಿಗೆ ಬಾಯಿಟ್ಟು ಒಂದೇ ಉಸಿರಿಗೆ ಪಿಸುಗುಟ್ಟಿದಳು. ಗುಮಾಸ್ತೆ ನಗು ನಿಲ್ಲಿಸಿ ಫೋನು ಎತ್ತಿಕೊಂಡಳು.

“ಏನಂದೆ?” ಅಪ್ಪ ಇನ್ನೂ ನಗುತ್ತಿದ್ದ. “‘ಏನೂ ಇಲ್ಲ’ ಅನ್ನೋಕೆ ಅಷ್ಟುದ್ದ ಮಾತು ಬೇಕಾ?”

ಹುಟ್ಟಿದಾಗಿನಿಂದ ಪಿಸುಮಾತಿನಲ್ಲೇ ಬದುಕಿದ ಹುಡುಗಿ, ಸಾಲಿನ ಕೊನೆಯವರೂ ತಿರುಗಿ ನೋಡುವ ಹಾಗೆ ಹೇಳಿದಳು:

“ಮೆಟ್ಟಿಲು ಹತ್ತಿದ್ರೆ ಅಮ್ಮಂಗೆ ಎದೆ ಹಿಡ್ಕೊಳ್ಳುತ್ತಪ್ಪಾ!”