ಬದನೆ ಪಾತಿಗೆ ಬಂದ ಕೋಳಿಗಳು

ಶಿವಗಂಗಮ್ಮನ ಹಿತ್ತಲಿಗೆ ಬೇಲಿ ಇರಲಿಲ್ಲ. ನ್ಯಾಮತಿಯ ಆ ಓಣಿಯಲ್ಲಿ ಅವಳ ಹಿತ್ತಲು ಮುಗಿಯುವಲ್ಲೇ ಅಂಜಿನಮ್ಮನ ಹಿತ್ತಲು ಶುರುವಾಗುತ್ತಿತ್ತು. ನಡುವೆ ಬಟ್ಟೆ ಒಗೆಯುವ ಒಂದು ಕಲ್ಲು, ಅಷ್ಟೇ. ಜಾಲಿಮುಳ್ಳು ಹಾಕಿಸಿರಿ ಎಂದು ಅವಳು ಗಂಡ ಪಂಚಾಕ್ಷರಪ್ಪನಿಗೆ ಎರಡು ವರ್ಷ ಹೇಳಿದಳು. ಬಟ್ಟೆ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಅವನಿಗೆ ಊಟ ಬಿಟ್ಟು ಬೇರೇನೂ ನೆನಪಿರುತ್ತಿರಲಿಲ್ಲ.

ಎಪ್ಪತ್ತೆಂಟರ ಬೇಸಿಗೆ ಮುಗಿಯುತ್ತಿದ್ದಾಗ ಅವಳ ಹತ್ತಿರ ಒಂದು ಹಿಡಿ ಬದನೆ ಬೀಜವಿತ್ತು. ಸಂತೇಬೆನ್ನೂರಿನ ತವರಿನಲ್ಲಿ ತಾಯಿ ಬೆಳೆಯುತ್ತಿದ್ದ ಬಿಳಿ ಮುಳ್ಳುಬದನೆ. ತಾಯಿ ಸತ್ತ ಮೇಲೆ ಅಣ್ಣಂದಿರು ಆ ಹಿತ್ತಲಿನಲ್ಲಿ ಗೋದಾಮು ಕಟ್ಟಿದರು. ಬೂದಿಯಲ್ಲಿ ಕಲಸಿ ಬಟ್ಟೆಯಲ್ಲಿ ಕಟ್ಟಿಟ್ಟ ಈ ಗಂಟು ಬಿಟ್ಟರೆ ಆ ತಳಿ ಇನ್ನೆಲ್ಲೂ ಇರಲಿಲ್ಲ. ಬೀಜಕ್ಕೆ ಆಗಲೇ ಮೂರು ವರ್ಷ. ಈ ಮಳೆಗೆ ಸಸಿಯಾಗದಿದ್ದರೆ ಮುಗಿಯಿತು.

ಮಣ್ಣು ಜರಡಿ ಹಿಡಿದು, ಹಳೇ ಸಗಣಿ ಗೊಬ್ಬರ ಬೆರೆಸಿ, ಪಾತಿ ಮಾಡಿ ಬೀಜ ಉದುರಿಸಿದಳು. ಮೇಲೆ ಹುಲ್ಲು ಹೊದಿಸಿದಳು. ಮೂರನೇ ದಿನ ಅಂಜಿನಮ್ಮನ ಕೋಳಿಗಳು ಹುಲ್ಲನ್ನೂ ಮಣ್ಣನ್ನೂ ಕೆದರಿ ಹೋದವು. ಎರಡನೇ ಸಲ ಹಳೇ ಸೀರೆ ಮುಚ್ಚಿ ಸುತ್ತ ಕಲ್ಲು ಹೇರಿದಳು. ಮೊಳಕೆ ಕಂಡ ದಿನ ಸೀರೆ ತೆಗೆದು ನೀರು ತರಲು ಒಳಗೆ ಹೋದಳು. ಕೊಡ ಹೊತ್ತು ಬರುವಷ್ಟರಲ್ಲಿ ಪಾತಿ ಖಾಲಿ.

ಕೋಳಿ ಕಟ್ಟಿಹಾಕು ಎಂದು ಅವಳು ಜಗಳಕ್ಕೆ ಹೋದಳು. ಅಂಜಿನಮ್ಮನ ಗಂಡ ಗಿಡ್ಡಪ್ಪ ಮಂಡಿಯಲ್ಲಿ ಹಮಾಲಿ. ನಾಲ್ಕು ವರ್ಷದ ಮಗಳು ದುರುಗಿ. ಏಳು ಕೋಳಿ. ಅಂಜಿನಮ್ಮ ಪಾತ್ರೆ ಉಜ್ಜುತ್ತಲೇ ಮಾತಾಡಿದಳು.

"ಎಮ್ಮೆ ಕಟ್ಟಿದಂಗೆ ಕೋಳಿ ಕಟ್ಟಾಕೆ ಆಗುತ್ತೇನ್ರೀ ಅಕ್ಕಾರೆ? ಇದು ಯಾರ ಹಿತ್ತಲು ಅಂತ ಅದಕ್ಕೇನು ಗೊತ್ತು. ಬೇಲಿ ಹಾಕ್ಕಳ್ರಿ. ಅಂಗಡಿ ಇಟ್ಟೋರು, ನಿಮಗೇನು ಕಮ್ಮಿ ಆಗೈತೆ?"

ಗಂಟಿನಲ್ಲಿ ಉಳಿದದ್ದು ಮೂರನೇ ಒಂದು ಪಾಲು. ಅದನ್ನೂ ಹಾಕಿದಳು. ಆಮೇಲೆ ಅಟ್ಟದಿಂದ ಡಬ್ಬಿ ಇಳಿಸಿದಳು. ಹತ್ತಿಗೆ ಹೊಡೆಯುವ ಔಷಧಿ, ಯಾವ ಕಾಲದ್ದೋ. ಒಂದು ಹಿಡಿ ಅಕ್ಕಿನುಚ್ಚನ್ನು ಅದರಲ್ಲಿ ನೆನೆಸಿ, ನೆರಳಲ್ಲಿ ಆರಿಸಿ, ಬೆಳಿಗ್ಗೆ ಪಾತಿಯ ಸುತ್ತ ಚೆಲ್ಲಿದಳು.

ಅವಳ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಆಡುತ್ತಿರಲಿಲ್ಲ. ಕೋಳಿ ಎಂದರೆ ಅವಳಿಗೆ ಕೆದರುವ ಕಾಲು, ಕುಕ್ಕುವ ಕೊಕ್ಕು. ಅದನ್ನು ಬೇಯಿಸುತ್ತಾರೆ ಎಂಬುದು ತಿಳಿಯದ ಸಂಗತಿಯಲ್ಲ, ಆದರೆ ನುಚ್ಚು ಚೆಲ್ಲುವಾಗ ಅದು ತಲೆಗೆ ಬರಲಿಲ್ಲ. ಸತ್ತ ಕೋಳಿಗಳನ್ನು ಅಂಜಿನಮ್ಮ ತಿಪ್ಪೆಗೆ ಎಸೆಯುತ್ತಾಳೆ, ನಾಲ್ಕು ದಿನ ಬೈಯುತ್ತಾಳೆ ಎಂದುಕೊಂಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕೋಳಿ ಸತ್ತವು. ಮೂರು ಕತ್ತು ಇಳಿಬಿಟ್ಟು ತೂಕಡಿಸುತ್ತಿದ್ದವು. ಹೊನ್ನಾಳಿ ಕಡೆ ಆ ತಿಂಗಳು ಕೋಳಿರೋಗ ಬಂದಿತ್ತು. ತೂಕಡಿಸುವ ಕೋಳಿಯನ್ನು ಸಾಯುವ ಮುಂಚೆ ಕೊಯ್ಯುವುದು ಕೋಳಿ ಸಾಕಿದವರ ರೂಢಿ. ಗಿಡ್ಡಪ್ಪ ಮಂಡಿಯಿಂದ ಬಂದು ಮೂರನ್ನೂ ಕೊಯ್ದ.

ಶಿವಗಂಗಮ್ಮ ಪಾತಿಗೆ ನೀರು ಚಿಮುಕಿಸುತ್ತಿದ್ದಾಗ ಅಂಜಿನಮ್ಮ ಒಗೆಯುವ ಕಲ್ಲಿನ ಮೇಲೆ ಪುಕ್ಕ ಕೀಳುತ್ತಿದ್ದಳು.

"ನಿಮ್ಮ ಕಾಟ ತೀರ್ತು ನೋಡ್ರಿ ಅಕ್ಕಾರೆ. ರೋಗ ಬಡೀತು. ಹೋಗಲಿ, ನಮ್ಮ ದುರುಗಿ ಬಾಯಿಗಾದ್ರೂ ಬೀಳ್ತಾವೆ."

"ರೋಗದ ಕೋಳಿ ತಿಂತಾರೇನೆ?" ಎಂದಳು ಶಿವಗಂಗಮ್ಮ.

"ಬೇಯಿಸಿದ್ರೆ ಎಂಥ ರೋಗ ಉಳೀತೈತ್ರಿ" ಎಂದು ಅಂಜಿನಮ್ಮ ನಕ್ಕಳು.

ಹೇಳಬಹುದಿತ್ತು. ಹೇಳಿದರೆ ಗಿಡ್ಡಪ್ಪ ಅಂಗಡಿ ಮುಂದೆ ನಿಂತು ಕೂಗುತ್ತಾನೆ, ಓಣಿ ಸೇರುತ್ತದೆ, ಪೊಲೀಸರೂ ಬರಬಹುದು. ಬೇಯಿಸಿದರೆ ರೋಗ ಹೋಗುವುದಾದರೆ ವಿಷವೂ ಹೋದೀತು ಎಂದುಕೊಂಡಳು. ಒಳಗೆ ಬಂದು, ವಾಸನೆ ಬರುತ್ತದೆಂದು ಎಂದಿನಂತೆ ಹಿಂದಿನ ಕಿಟಕಿ ಮುಚ್ಚಿ, ಅಕ್ಕಿ ಆರಿಸುತ್ತ ಕೂತಳು.

ಮಡಕೆಯಲ್ಲಿ ಸಾರು ಕುದಿಯುವ ಮುಂಚೆ ಕಲೇಜವನ್ನು, ಅಂದರೆ ಕೋಳಿಯ ಈಲಿಯನ್ನು, ಕೆಂಡದ ಮೇಲೆ ಸುಟ್ಟು ಮಗುವಿಗೆ ಕೊಡುತ್ತಾರೆ. ದುರುಗಿ ಮೂರು ಕೋಳಿಯದನ್ನೂ ತಿಂದಳು. ಅರ್ಧ ಗಂಟೆಯಲ್ಲಿ ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಗಾಳಿ ಸೋಕಿದೆ ಎಂದು ಯಾರೋ ಬೇವಿನ ಸೊಪ್ಪು ತಂದರು. ಆಮೇಲೆ ಹೊನ್ನಾಳಿ ಬಸ್ಸು ಹತ್ತಿಸಿದರು. ಅದೇ ಬಸ್ಸು ತಿರುಗಿ ಬರುವಾಗ ಗಿಡ್ಡಪ್ಪನ ತೊಡೆಯ ಮೇಲೆ ಹೆಣವಿತ್ತು. ಆ ಗಡಿಬಿಡಿಯಲ್ಲಿ ಒಲೆಯ ಮೇಲಿನ ಮಡಕೆ ಸೀದುಹೋಗಿ, ಗಂಡಹೆಂಡತಿ ಉಳಿದರು.

ಪಿಟ್ಸು ಬಂದು ಮಗು ಹೋಯಿತು ಎಂದು ಓಣಿ ನಂಬಿತು. ಮೂರು ದಿನ ಶಿವಗಂಗಮ್ಮ ಅವರ ಮನೆಗೆ ರೊಟ್ಟಿ ಕಳಿಸಿದಳು. ಅಕ್ಕಾರು ಒಳ್ಳೆಯವರು ಎಂದು ಅಂಜಿನಮ್ಮ ಎಲ್ಲರ ಮುಂದೆ ಹೇಳಿದಳು.

ಒಂಬತ್ತನೇ ದಿನ ಪಾತಿ ಹಸಿರಾಯಿತು. ಒಂದು ತಿಂಗಳಿಗೆ ಸಸಿಗಳು ಗೇಣುದ್ದ ಬಂದವು. ಮಳೆ ಹಿಡಿದ ಮೇಲೆ ಅಂಜಿನಮ್ಮ ಬಂದು ಹತ್ತು ಸಸಿ ಕೇಳಿದಳು.

"ಹಿತ್ತಲು ಬಿಕೋ ಅಂತೈತ್ರಿ. ಇನ್ನು ಕೆದರಾಕೆ ಯಾರೂ ಇಲ್ಲ."

ಶಿವಗಂಗಮ್ಮ ಬೇರಿನ ಮಣ್ಣು ಉದುರದಂತೆ ಹನ್ನೆರಡು ಕಿತ್ತು ಕೊಟ್ಟಳು. ಉಳಿದವನ್ನು ಸಾಲಿಗೆ ನೆಟ್ಟಳು, ನೂರ ನಲವತ್ತು.

ಹೋದದ್ದು ಏಳು ಕೋಳಿ, ಒಂದು ಮಗು. ಆ ಪಾತಿಯಲ್ಲಿ ಸಸಿ ಒಂದೂ ಹೋಗಲಿಲ್ಲ.