ಹಡಗು ಕಚೇರಿಯ ಗೋಡೆ

ಬಂದರಿನ ಹಳೆಯ ಕಟ್ಟಡಗಳನ್ನು ಕಾಲ್ನಡಿಗೆಯಲ್ಲಿ ತೋರಿಸುವ ಗೈಡ್ ಕೆಲಸಕ್ಕೆ ಅವಳು ಸೇರಿ ಹನ್ನೊಂದು ವರ್ಷವಾಗಿತ್ತು. ದೀಪಸ್ತಂಭದಿಂದ ಹೊರಟು, ಸುಂಕದ ಕಟ್ಟೆ, ಹಗ್ಗದ ಗೋದಾಮು ದಾಟಿ, ಹಡಗು ಕಚೇರಿಯ ಮಹಡಿಯಲ್ಲಿ ಮುಗಿಯುವ ಎರಡು ಗಂಟೆಯ ಸುತ್ತು. ಎಲ್ಲಿ ನಿಂತರೆ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಯಾವ ಮಾತಿಗೆ ಜನ ನಗುತ್ತಾರೆ, ಎಲ್ಲವೂ ಬಾಯಿಪಾಠ.

ಆ ಭಾನುವಾರ ಹತ್ತೊಂಬತ್ತು ಜನರಿದ್ದರು. ಹಡಗು ಕಚೇರಿ ತಲುಪುವ ಹೊತ್ತಿಗೆ ಎಲ್ಲರ ಕಾಲೂ ಸೋತಿದ್ದವು. ಹೆಸರಿಗಷ್ಟೇ ಅದು ಕಚೇರಿ. ಕೆಳಗೆ ಮುದುಕ ದರ್ಜಿಯೊಬ್ಬರು ಅಂಗಡಿ ಇಟ್ಟುಕೊಂಡಿದ್ದರು. ಮೇಲಿನ ದೊಡ್ಡ ಹಜಾರ ಖಾಲಿ. ಅಲ್ಲಿನ ಕಿಟಕಿಗಳಿಂದ ಕಡಲು ಕಾಣುತ್ತದೆಂದು ಅವಳು ಜನರನ್ನು ಹತ್ತಿಸುತ್ತಿದ್ದಳು.

"ಇವತ್ತು ದಂಡು ದೊಡ್ಡದಿದೆ," ಎಂದರು ದರ್ಜಿ, ಹೊಲಿಗೆಯಿಂದ ತಲೆ ಎತ್ತದೆ. "ಮೇಲೆ ಕುಣಿಸಬೇಡಮ್ಮ. ಮೂರು ದಿನದಿಂದ ತಲೆ ಮೇಲೆ ಗಾರೆ ಉದುರ್ತಾ ಇದೆ. ಗಿರಾಕಿ ಕೋಟಿನ ಮೇಲೆ ಬಿದ್ರೆ ಒಗೆದು ಕೊಡೋರು ಯಾರು?"

ಜನ ನಕ್ಕರು. ಅವಳಿಗೆ ನಗು ಬರಲಿಲ್ಲ. ಎಲ್ಲರನ್ನೂ ರಸ್ತೆಯಲ್ಲೇ ನಿಲ್ಲಿಸಿ ಒಬ್ಬಳೇ ಮೇಲೆ ಹೋದಳು.

ಹಜಾರದ ಗೋಡೆಯಲ್ಲಿ ಹಳೆಯ ಬಿರುಕೊಂದಿತ್ತು. ಗೋಡೆ ಅಲುಗಿದರೆ ತಿಳಿಯಲೆಂದು ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದ್ದರು. ಈಗ ಪಟ್ಟಿ ಎರಡು ತುಂಡಾಗಿ, ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಕಟ್ಟಡ ಭದ್ರವಾಗಿದೆ ಎಂಬ ನಗರಸಭೆಯ ಪತ್ರ ಕೆಳಗೆ ಬಾಗಿಲ ಬಳಿ ಅಂಟಿಸಿ ಇನ್ನೂ ಎರಡು ವಾರವಾಗಿರಲಿಲ್ಲ. ಅದರ ಮೇಲಿದ್ದ ಎಂಜಿನಿಯರ್ ಸಹಿ ಅವಳ ಅಣ್ಣನದು.

ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಅಣ್ಣ ಹಗಲೆಲ್ಲ ದುಡಿದು, ಸಂಜೆ ಕಾಲೇಜಿಗೆ ಹೋಗಿ ಎಂಜಿನಿಯರ್ ಆದ. ತಂಗಿಗೆ ಜಡೆ ಹೆಣೆಯುವುದನ್ನು ಪಕ್ಕದ ಮನೆಯವರಿಂದ ಕಲಿತು ಬಂದಿದ್ದ. ಅವಳು ಅವನಿಗೇ ಫೋನ್ ಮಾಡಿದಳು.

"ಅದು ಹಳೇ ಬಿರುಕು ಕಣೇ. ಏನೂ ಆಗಲ್ಲ."

"ಗಾಜು ಒಡೆದಿದೆ ಅಣ್ಣಾ."

"ಯಾರೋ ಕೈ ತಾಗಿಸಿರ್ತಾರೆ."

"ನೀನು ಮೇಲೆ ಹತ್ತಿ ನೋಡಿದ್ಯಾ?"

ಹೋದ ವರ್ಷದಿಂದ ಅವನ ಮಂಡಿ ಮೆಟ್ಟಿಲೆಂದರೆ ಸಾಕು, ಕೈಕೊಡುತ್ತಿತ್ತು. ಅವಳ ಮನೆಗೆ ಬಂದರೂ ಕೆಳಗೆ ನಿಂತೇ ಕೂಗುತ್ತಿದ್ದ.

"ಕೆಳಗಿಂದ ನೋಡಿದ್ದೆ," ಎಂದ ಅಣ್ಣ. "ನಾಳೆ ಬಂದು ಮೇಲೂ ನೋಡ್ತೀನಿ. ಅಲ್ಲೀವರೆಗೂ ಬಾಯಿ ಬಿಡಬೇಡ. ಇನ್ನು ಏಳು ತಿಂಗಳಿಗೆ ರಿಟೈರ್ ಆಗ್ತೀನಿ, ಗೊತ್ತಲ್ಲ ನಿಂಗೆ."

ಕಾಲ ಕೆಳಗೆ ದರ್ಜಿಯ ಮಷೀನು ಗಡಗಡ ಓಡುತ್ತಿತ್ತು. ಅದು ಒಮ್ಮೆ ನಿಂತು ಮತ್ತೆ ಶುರುವಾಗುವವರೆಗೂ ಅವಳು ಫೋನ್ ಹಿಡಿದು ನಿಂತಿದ್ದಳು. ಆಮೇಲೆ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದಳು.

ದರ್ಜಿ ಜಪ್ಪಯ್ಯ ಅಂದರೂ ಏಳಲಿಲ್ಲ. "ನಲವತ್ತು ವರ್ಷ ಬೀಳದೇ ಇದ್ದಿದ್ದು ಇವತ್ತು ಬೀಳುತ್ತಾ?" ಅವಳು ಮಾತು ಬೆಳೆಸದೆ ಬಟ್ಟೆಯ ಗಂಟುಗಳನ್ನು ಹೊರಗೆ ಸಾಗಿಸತೊಡಗಿದಳು. ಪ್ರವಾಸಕ್ಕೆ ಬಂದವರೂ ಕೈಜೋಡಿಸಿ ಮಷೀನು ಎತ್ತಿಕೊಂಡು ಹೋದಾಗ ಮುದುಕರು ಬೈಯುತ್ತಲೇ ಅದರ ಹಿಂದೆ ನಡೆದರು. ಠಾಣೆಯವರು ಬಂದು ಗೋಡೆ ನೋಡಿ ಬೀಗ ಜಡಿದರು.

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಹಜಾರದ ನೆಲ ಕುಸಿದು ಅಂಗಡಿಯ ಮೇಲೆ ಬಿತ್ತು. ಒಳಗೆ ನರಪಿಳ್ಳೆಯೂ ಇರಲಿಲ್ಲ.

ಅಣ್ಣನನ್ನು ಅದೇ ವಾರ ಅಮಾನತು ಮಾಡಿದರು. ಕೆಲಸ ಉಳಿಯುವುದೇ ಅನುಮಾನ ಎಂದರು ಅವನ ಜೊತೆಯವರು. ಅತ್ತಿಗೆ ಫೋನ್ ಎತ್ತುವುದನ್ನೇ ಬಿಟ್ಟಳು. ಮೂರು ವಾರ ಕಾದು ತಂಗಿಯೇ ಅಣ್ಣನ ಮನೆಗೆ ಹೋದಳು. ಅತ್ತಿಗೆ ಬಾಗಿಲು ತೆಗೆದು, ಮುಖ ನೋಡದೆ ಒಳಗೆ ಹೋದಳು. ಅಣ್ಣ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು.

"ಆ ದರ್ಜಿ ಹೇಗಿದ್ದಾರೆ?" ಎಂದು ಅವನೇ ಕೇಳಿದ.

"ಮಗಳ ಮನೇಲಿದ್ದಾರೆ. ಹೊಲೀತಾರಂತೆ."

ಅವನು ತಲೆಯಾಡಿಸಿದ. ಆಮೇಲೆ ಹೇಳಿದ: "ನಂಗೆ ಒಂದು ದಿನ ಕೊಡಬಹುದಿತ್ತು ನೀನು. ಸೋಮವಾರ ನೋಡಿ ನಾನೇ ಖಾಲಿ ಮಾಡಿಸ್ತಿದ್ದೆ. ಬಿದ್ದಿದ್ದು ಮಂಗಳವಾರ."

"ಮಂಗಳವಾರ ಬೀಳುತ್ತೆ ಅಂತ ಭಾನುವಾರ ನಂಗೇನು ಗೊತ್ತಿತ್ತು ಅಣ್ಣಾ?"

"ಗೊತ್ತಿದ್ದಿದ್ರೆ?"

ಅವನು ಚೀಲವನ್ನು ಇನ್ನೊಂದು ಮಂಡಿಗೆ ಸರಿಸಿಕೊಂಡ. ಒಳಗಿನಿಂದ ಅತ್ತಿಗೆ ಕರೆಯಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅವಳು ಕತ್ತಲಾಗುವವರೆಗೆ ಕೂತಿದ್ದು, ಎದ್ದು ಬಂದಳು.